ಯುಗಾದಿಯಿಂದ ದಸರೆಯವರೆಗೆ, ಟ್ರಕ್ಕಿನೊಳಗೆ

ಧಾರವಾಡದ ನಮ್ಮ ಮನೆಯಲ್ಲಿ ಬೇಸ್‌ಬಾಲ್ ಆಟದ ನಿಯಮಗಳು ಯಾರಿಗೂ ಸರಿಯಾಗಿ ತಿಳಿಯವು, ಆದರೆ ಅದರ ಹಂಗಾಮು ಮಾತ್ರ ಎಲ್ಲರಿಗೂ ಬಾಯಿಪಾಠವಾಗಿದೆ. ಯುಗಾದಿಯ ಆಸುಪಾಸಿನಲ್ಲಿ ಮೊದಲ ಪಂದ್ಯ ನಡೆಯುತ್ತದೆ; ದಸರೆ ಮುಗಿದು ದೀಪಾವಳಿಯ ತಯಾರಿ ನಡೆದಿರುವಾಗ ಕೊನೆಯದು. ನಡುವೆ ಬರುವ ಕಾರಹುಣ್ಣಿಮೆ, ಪಂಚಮಿ, ಗಣೇಶ ಚೌತಿ, ಮಹಾನವಮಿ ಇವುಗಳಲ್ಲಿ ಯಾವುದಕ್ಕೂ ನಾನು ಊರಲ್ಲಿ ಇರುವುದಿಲ್ಲ. ಅವ್ವ ಪಂಚಮಿಗೆ ಕಟ್ಟಿದ ಶೇಂಗಾ ಉಂಡಿ, ರವೆ ಉಂಡಿ ಕೊರಿಯರ್‌ನಲ್ಲಿ ಅಮೆರಿಕ ತಲುಪುತ್ತವೆ. ನಾನು ಊರು ತಲುಪುವುದು ನವೆಂಬರಿನಲ್ಲಿ, ಹೊಲದಲ್ಲಿ ಹಿಂಗಾರಿ ಜೋಳ ಮೊಣಕಾಲೆತ್ತರ ಬೆಳೆದಿರುವಾಗ. ಫೆಬ್ರುವರಿಯಲ್ಲಿ ತಂಡಗಳ ಅಭ್ಯಾಸ ಶಿಬಿರ ಶುರುವಾಗುವವರೆಗೆ ಇಲ್ಲಿಯೇ ಇರುತ್ತೇನೆ. ಆ ಅವಧಿಯಲ್ಲಿ ಬಂಧುಗಳೂ ಹಳೆಯ ಗೆಳೆಯರೂ ತಪ್ಪದೆ ಕೇಳುವ ಪ್ರಶ್ನೆ ಒಂದೇ: "ಅಲ್ಲೋ ತಮ್ಮಾ, ನೀ ಅಲ್ಲಿ ಖರೇನ ಏನ್ ಮಾಡ್ತಿ?" ಟಿವಿಯಲ್ಲಿ ನನ್ನ ಮುಖ ಕಾಣುವುದಿಲ್ಲ, ಧ್ವನಿ ಕೇಳುವುದಿಲ್ಲ, ಕ್ಯಾಮೆರಾವನ್ನೂ ನಾನು ಹಿಡಿಯುವುದಿಲ್ಲ. ಆದ್ದರಿಂದ ಈ ಪ್ರಶ್ನೆಗೆ ಒಮ್ಮೆ ವಿವರವಾಗಿ ಬರೆದೇ ಉತ್ತರ ಕೊಡುವುದು ಒಳಿತೆನಿಸಿತು.

ಮೊದಲು ಆಟದ ವಿಷಯ ಸ್ವಲ್ಪ. ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ 30 ತಂಡಗಳಿವೆ. ಒಂದೊಂದು ತಂಡವೂ ಒಂದು ಹಂಗಾಮಿನಲ್ಲಿ 162 ಪಂದ್ಯಗಳನ್ನು ಆಡುತ್ತದೆ, ಅದರಲ್ಲಿ ಅರ್ಧ ತನ್ನ ಊರಿನಲ್ಲಿ, ಅರ್ಧ ಪರ ಊರುಗಳಲ್ಲಿ. ಅಂದರೆ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಹೆಚ್ಚುಕಡಿಮೆ ದಿನವೂ ಪಂದ್ಯವಿರುತ್ತದೆ. ಒಂದು ಊರಿಗೆ ಹೋದ ತಂಡ ಅಲ್ಲಿ ಮೂರು ಇಲ್ಲವೆ ನಾಲ್ಕು ಪಂದ್ಯಗಳನ್ನಾಡಿ ಮುಂದಿನ ಊರಿಗೆ ಹೊರಡುತ್ತದೆ. ಈ ಪಂದ್ಯಗಳನ್ನು ಟಿವಿಗೆ ಕೊಡುವ ತಂಡಗಳಲ್ಲಿ ಎರಡು ಬಗೆ. ಮೊದಲನೆಯ ಬಗೆಯಲ್ಲಿ, ಆಟದ ಒಂದು ತಂಡದ ಬಹುತೇಕ ಪಂದ್ಯಗಳನ್ನು ಆ ಭಾಗದ ಜನರಿಗೆ ತೋರಿಸುವ ಪ್ರಾದೇಶಿಕ ವಾಹಿನಿಗಳಲ್ಲಿ ಆಟಗಾರರ ಜೊತೆ ಊರೂರು ತಿರುಗುವವರು ನಿರ್ಮಾಪಕ, ನಿರ್ದೇಶಕ, ವೀಕ್ಷಕ ವಿವರಣೆಕಾರರು ಮತ್ತು ಬೆರಳೆಣಿಕೆಯ ಇನ್ನಿತರರು ಮಾತ್ರ. ಕ್ಯಾಮೆರಾ, ಧ್ವನಿ, ಮರುಪ್ರಸಾರದ (ಅಂದರೆ ರಿಪ್ಲೇ ತೋರಿಸುವ) ಕೆಲಸಗಾರರೆಲ್ಲ ಆಯಾ ಊರಿನಲ್ಲೇ ದಿನಗೂಲಿಯ ಮೇಲೆ ಸಿಗುವ ನುರಿತ ಜನ. ಎರಡನೆಯ ಬಗೆಯದು ದೇಶಕ್ಕೆಲ್ಲ ವಾರಕ್ಕೊಂದು ದೊಡ್ಡ ಪಂದ್ಯ ತೋರಿಸುವ ರಾಷ್ಟ್ರೀಯ ವಾಹಿನಿಯ ತಂಡ. ಇದರಲ್ಲಿ ತಿರುಗುವವರು ಹೆಚ್ಚು. ನಾನು ಮೊದಲನೆಯದರಲ್ಲಿ ಕೇಬಲ್ ಎಳೆಯುವವನಾಗಿ ಸೇರಿ, ಈಗ ಎರಡನೆಯದರಲ್ಲಿ ವಿಡಿಯೊ ಆಪರೇಟರ್ ಆಗಿದ್ದೇನೆ. ಭಾರತದಲ್ಲಿ ಮೈದಾನದಿಂದಲೇ ಪ್ರಸಾರ ಮಾಡುವ ಓಬಿ ವ್ಯಾನುಗಳಲ್ಲಿ ಸಿಸಿಯು, ಅಂದರೆ ಕ್ಯಾಮೆರಾಗಳ ಬೆಳಕು, ಬಣ್ಣ ಹೊಂದಿಸುವ ಯಂತ್ರದ ಮುಂದೆ ಕುಳಿತುಕೊಳ್ಳುವವರು ಮಾಡುವ ಕೆಲಸವೇ ಅದು.

ನಮ್ಮ ಅಜ್ಜ ಇದ್ದಿದ್ದರೆ ಇಷ್ಟು ವಿವರಿಸಬೇಕಾಗುತ್ತಿರಲಿಲ್ಲ. ಅವರು ಹರೆಯದಲ್ಲಿ ಒಂದು ನಾಟಕ ಕಂಪನಿಯಲ್ಲಿದ್ದರು. ಬಣ್ಣ ಹಚ್ಚಿದವರಲ್ಲ; ಕಂಪನಿಗಿಂತ ಮೊದಲೇ ಊರಿಗೆ ಹೋಗಿ ಜಾಗ ನೋಡಿ, ಪರವಾನಗಿ ತೆಗೆದುಕೊಂಡು, ತಗಡಿನ ಥೇಟರು ಎಬ್ಬಿಸುವ ತಂಡದವರು. ಪರದೆ, ಸೈಡ್‌ವಿಂಗು, ಸಿಂಹಾಸನ, ಹಾರ್ಮೋನಿಯಂ ಎಲ್ಲವೂ ಲಾರಿಯಲ್ಲಿ ಬರುತ್ತಿದ್ದವು. ಕ್ಯಾಂಪ್ ಮುಗಿದ ರಾತ್ರಿಯೇ ಬಿಚ್ಚಿ ಹೇರಿ ಮುಂದಿನ ಊರಿಗೆ ಸಾಗಬೇಕು. ಬನಶಂಕರಿ ಜಾತ್ರೆಗೆ ಹೋದವರು ಇಂದಿಗೂ ಸಾಲಾಗಿ ನಿಂತ ಕಂಪನಿ ಥೇಟರುಗಳನ್ನು ನೋಡಬಹುದು. ಗದುಗಿನ ವೀರೇಶ್ವರ ಪುಣ್ಯಾಶ್ರಮದ ಅಂಧ ಮಕ್ಕಳ ಊಟ, ಸಂಗೀತಪಾಠಗಳಿಗೆ ಪಂಚಾಕ್ಷರಿ ಗವಾಯಿಗಳು ನಾಟಕ ಕಂಪನಿಯನ್ನೇ ಕಟ್ಟಿ ಊರೂರು ತಿರುಗಿದ ಚರಿತ್ರೆ ನಮ್ಮ ಭಾಗದ ಪ್ರತಿ ಮನೆಗೂ ಗೊತ್ತು. ಟಿವಿ ತಂಡದ ಬದುಕನ್ನು ನಮ್ಮವರಿಗೆ ಹೇಳಲು ನನಗೆ ಇದಕ್ಕಿಂತ ಸರಿಯಾದ ಹೋಲಿಕೆ ದೊರೆತಿಲ್ಲ. ಒಂದು ವ್ಯತ್ಯಾಸವನ್ನು ಮಾತ್ರ ಹೇಳಲೇಬೇಕು. ಕಂಪನಿ ಒಂದೂರಿನಲ್ಲಿ ತಿಂಗಳುಗಟ್ಟಲೆ ಕ್ಯಾಂಪ್ ಹಾಕುತ್ತಿತ್ತು. ಊರಿನ ಅಂಗಡಿಯವರು, ಹಿಟ್ಟಿನ ಗಿರಣಿಯವರು, ಮಠದವರು ಎಲ್ಲರ ಪರಿಚಯವಾಗುತ್ತಿತ್ತು. ನಾವು ಒಂದೂರಿನಲ್ಲಿ ಇರುವುದು ಮೂರು ದಿನ. ಇದು ನಮ್ಮ ಬದುಕಿನ ದೊಡ್ಡ ಕೊರತೆ ಎಂದೇ ನಾನು ತಿಳಿದಿದ್ದೇನೆ.

ತಲೆಬರಹದಲ್ಲಿ ಟ್ರಕ್ಕು ಎಂದೆನಲ್ಲ, ಅದು ಪ್ರಸಾರದ ಯಂತ್ರಗಳನ್ನೆಲ್ಲ ಹೊತ್ತ 53 ಅಡಿ ಉದ್ದದ ಟ್ರೇಲರ್. ಮೈದಾನದ ಹಿಂಬದಿಗೆ ತಂದು ನಿಲ್ಲಿಸಿದ ಮೇಲೆ ಅದರ ಪಕ್ಕದ ಗೋಡೆ ಹೊರಕ್ಕೆ ಸರಿದು ಒಳಗಿನ ಜಾಗ ಅಗಲವಾಗುತ್ತದೆ. ಒಳಗೆ ಒಂದು ಕೋಣೆಯಲ್ಲಿ ನಿರ್ದೇಶಕ, ನಿರ್ಮಾಪಕ, ಒಂದು ಕ್ಯಾಮೆರಾದಿಂದ ಇನ್ನೊಂದಕ್ಕೆ ಚಿತ್ರ ಬದಲಿಸುವ ಸ್ವಿಚರ್ ಮುಂದೆ ಕುಳಿತ ತಾಂತ್ರಿಕ ನಿರ್ದೇಶಕ, ಇನ್ನೊಂದರಲ್ಲಿ ಧ್ವನಿ, ಮತ್ತೊಂದರಲ್ಲಿ ಮರುಪ್ರಸಾರದ ಇವಿಎಸ್ ಯಂತ್ರಗಳು, ಹಿಂಬದಿಯ ಇಕ್ಕಟ್ಟಾದ, ಕತ್ತಲೆಯ, ಯಾವಾಗಲೂ ಚಳಿಯಿರುವ ಮೂಲೆಯಲ್ಲಿ ನಾನು. ನಾವು ವಿಮಾನದಲ್ಲಿ ಹೋಗುತ್ತೇವೆ, ಟ್ರಕ್ಕು ರಸ್ತೆಯಲ್ಲೇ ಹೋಗಬೇಕು. ಅಲ್ಲಿಯ ಕಾನೂನಿನ ಪ್ರಕಾರ ಒಬ್ಬ ಚಾಲಕ ಸತತ ಹತ್ತು ತಾಸು ವಿಶ್ರಾಂತಿ ಪಡೆದ ಮೇಲೆ ಹನ್ನೊಂದು ತಾಸಿಗಿಂತ ಹೆಚ್ಚು ಗಾಡಿ ಓಡಿಸುವಂತಿಲ್ಲ. ನ್ಯೂಯಾರ್ಕಿನಿಂದ ಲಾಸ್ ಏಂಜಲಿಸ್‌ಗೆ ಸುಮಾರು 4500 ಕಿಲೋಮೀಟರ್ ದೂರ. ರವಿವಾರ ರಾತ್ರಿ ಪೂರ್ವದ ಕಡಲತೀರದಲ್ಲಿ ಪಂದ್ಯ ಮುಗಿಸಿ ಮುಂದಿನ ವಾರಾಂತ್ಯಕ್ಕೆ ಪಶ್ಚಿಮದ ಕಡಲತೀರದಲ್ಲಿ ನಿಲ್ಲಬೇಕಾದರೆ ಚಾಲಕರ ಲೆಕ್ಕಾಚಾರವೇ ಎಲ್ಲಕ್ಕಿಂತ ಮುಖ್ಯವಾಗುತ್ತದೆ. ನೆಬ್ರಾಸ್ಕಾ ಕಡೆಯ ಒಬ್ಬ ಚಾಲಕರು ನಮ್ಮೊಂದಿಗೆ ಬಹಳ ಕಾಲದಿಂದ ಇದ್ದಾರೆ. ದೇಶದ ಯಾವ ಮೈದಾನದ ಹಿಂದಿನ ಇಳಿಜಾರು ಎಷ್ಟು ಕಡಿದು, ಯಾವ ಗೇಟಿನಲ್ಲಿ ಟ್ರೇಲರ್ ಹಿಮ್ಮುಖವಾಗಿ ತಿರುಗುತ್ತದೆ, ಎಲ್ಲಿ ವಿದ್ಯುತ್ ಪೆಟ್ಟಿಗೆ ದೂರವಿದೆ ಎಂಬುದೆಲ್ಲ ಅವರ ತಲೆಯಲ್ಲಿದೆ. ಆಟದ ಅಂಕಿಅಂಶಗಳನ್ನು ನೆನಪಿಡುವ ವಿವರಣೆಕಾರರನ್ನು ಜನ ಕೊಂಡಾಡುತ್ತಾರೆ. ಈ ಮನುಷ್ಯನ ನೆನಪು ಅದಕ್ಕೆ ಯಾವ ರೀತಿಯಲ್ಲೂ ಕಡಿಮೆಯದಲ್ಲ.

ಶನಿವಾರ ಮುಂಜಾನೆ ಕೆಲಸ ಶುರು. ಟ್ರಕ್ಕಿಗೆ ವಿದ್ಯುತ್ ಕೊಟ್ಟ ಮೇಲೆ ಕ್ಯಾಮೆರಾಗಳನ್ನು ಒಂದೊಂದಾಗಿ ಮೇಲಕ್ಕೆ, ಕೆಳಕ್ಕೆ, ಗ್ಯಾಲರಿಯ ತುದಿಗೆ ಒಯ್ಯುತ್ತಾರೆ. ಹೊಸ ಮೈದಾನಗಳಲ್ಲಿ ಗೋಡೆಯೊಳಗೇ ಫೈಬರ್ ಕೇಬಲ್ ಎಳೆದಿಟ್ಟಿರುತ್ತಾರೆ. ಬಾಸ್ಟನ್ನಿನ ಫೆನ್ವೇ ಪಾರ್ಕ್ 1912ರದು, ಶಿಕಾಗೋದ ರಿಗ್ಲೀ ಫೀಲ್ಡ್ 1914ರದು, ಅಲ್ಲಿ ಎಷ್ಟೇ ಸುಧಾರಣೆ ಮಾಡಿದ್ದರೂ ಕಂಬ, ಮೆಟ್ಟಿಲು, ಇಕ್ಕಟ್ಟಾದ ಓಣಿಗಳ ನಡುವೆಯೇ ದಾರಿ ಹುಡುಕಬೇಕು. ಫೈಬರ್‌ನ ತುದಿಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಧೂಳಿನ ಕಣ ಕುಳಿತರೂ ಸಾಕು, ಚಿತ್ರ ಬರುವುದಿಲ್ಲ. ಅದಕ್ಕೆಂದೇ ಕೇಬಲ್ ಹಾಕುವವರ ಜೇಬಿನಲ್ಲಿ ಅದನ್ನು ಒರೆಸುವ ಸಣ್ಣ ಕಡ್ಡಿಗಳಿರುತ್ತವೆ. ಇನ್ನು ಕೇಬಲ್ ಸುತ್ತುವ ರೀತಿ: ಒಂದು ಸುತ್ತು ಮೇಲಿನಿಂದ, ಮುಂದಿನ ಸುತ್ತು ಕೆಳಗಿನಿಂದ, ಹೀಗೆ ಅದಲುಬದಲಾಗಿ ಸುತ್ತಬೇಕು. ಒಂದೇ ಬದಿಗೆ ಸುತ್ತಿದರೆ ಒಳಗಿನ ಎಳೆ ತಿರುಚಿಕೊಳ್ಳುತ್ತದೆ, ಬಿಚ್ಚುವಾಗ ಗಂಟುಬೀಳುತ್ತದೆ. ನಾನು ಮೊದಲು ಕಲಿತ ಕೆಲಸ ಅದೇ. ಅದನ್ನು ಕಲಿಸಿದವರು ಕ್ಲೀವ್‌ಲ್ಯಾಂಡಿನ ಒಬ್ಬ ಹಿರಿಯ ಕೆಲಸಗಾರರು. ಮುಂದೆ ಅಲ್ಲಿಯೇ ಒಬ್ಬ ವಿಡಿಯೊ ಆಪರೇಟರ್, ಕ್ಯಾಮೆರಾಗಳನ್ನು ಹೊಂದಿಸುವಾಗ ಬೆನ್ನ ಹಿಂದೆ ಸ್ಟೂಲ್ ಹಾಕಿಕೊಂಡು ಕೂಡಲು ನನಗೆ ಬಿಟ್ಟರು. ನನ್ನ ವಿದ್ಯೆಗೆಲ್ಲ ಅದೇ ಮೂಲ.

ಹಾಗೆ ಪ್ರತಿ ಊರಿನಲ್ಲೂ ನಮ್ಮನ್ನು ಕಾಯುತ್ತಿರುವ ಜನರಿರುತ್ತಾರೆ. ಸಿಯಾಟಲ್‌ನಲ್ಲಿ ಒಬ್ಬಳು ಕ್ಯಾಮೆರಾದವಳು, ಸೇಂಟ್ ಲೂಯಿಸ್‌ನಲ್ಲಿ ಧ್ವನಿಗೆ ಸಹಾಯ ಮಾಡುವ ತಂದೆ ಮಗ, ಹೂಸ್ಟನ್ನಿನಲ್ಲಿ ಮೂರನೇ ಬೇಸ್ (ಓಟಗಾರ ಮುಟ್ಟಬೇಕಾದ ಠಾವು) ಪಕ್ಕದ ಕ್ಯಾಮೆರಾವನ್ನು ಬೇರೆ ಯಾರಿಗೂ ಬಿಟ್ಟುಕೊಡದ ಒಬ್ಬ ಅಜ್ಜ. ಇವರಲ್ಲಿ ಕೆಲವರ ಮುಖವನ್ನು ನಾನು ಸರಿಯಾಗಿ ನೋಡಿಯೂ ಇಲ್ಲ, ಏಕೆಂದರೆ ಅವರು ಮೇಲೆ ಕ್ಯಾಮೆರಾದ ಹಿಂದೆ, ನಾನು ಕೆಳಗೆ ಟ್ರಕ್ಕಿನಲ್ಲಿ. ನಮ್ಮ ಸಂಬಂಧವೆಲ್ಲ ಕಿವಿಗೆ ಹಾಕಿಕೊಂಡ ಹೆಡ್‌ಸೆಟ್‌ನಲ್ಲಿ. ಆದರೆ ಧ್ವನಿ ಕೇಳಿದ ಕೂಡಲೇ ಯಾರು, ಇವತ್ತು ಅವರ ಮನಸ್ಸು ಹೇಗಿದೆ ಎಂಬುದು ತಿಳಿಯುತ್ತದೆ. ವರ್ಷಕ್ಕೊಮ್ಮೆ ಕೂಡುವ ಈ ಜನ ಮೊದಲ ಎಸೆತಕ್ಕೇ ಒಂದಾಗಿ ಕೆಲಸ ಮಾಡುವುದನ್ನು ಕಂಡಾಗ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಈಗ ನನ್ನ ಕೆಲಸ. ಪ್ರತಿ ಕ್ಯಾಮೆರಾಕ್ಕೂ ನನ್ನ ಮುಂದೆ ಒಂದು ಪುಟ್ಟ ಪ್ಯಾನೆಲ್ ಇದೆ, ಅದರ ನಡುವೆ ಹೆಬ್ಬೆರಳಿನ ಗಾತ್ರದ ಒಂದು ಹಿಡಿ. ಆ ಹಿಡಿಯನ್ನು ಮುಂದಕ್ಕೊತ್ತಿದರೆ ದೂರದಲ್ಲಿರುವ ಲೆನ್ಸಿನ ಕಣ್ಣು ಅಗಲವಾಗುತ್ತದೆ, ಹಿಂದಕ್ಕೆಳೆದರೆ ಕಿರಿದಾಗುತ್ತದೆ. ಅದೇ ಹಿಡಿಯನ್ನು ತಿರುಗಿಸಿದರೆ ಚಿತ್ರದ ಕಪ್ಪು ಭಾಗ ಏರುತ್ತದೆ ಅಥವಾ ಇಳಿಯುತ್ತದೆ. ಕ್ಯಾಮೆರಾದವರು ಎಲ್ಲಿ ನೋಡಬೇಕು, ಎಷ್ಟು ಹತ್ತಿರ ತೋರಿಸಬೇಕು ಎಂಬುದನ್ನು ನೋಡಿಕೊಳ್ಳುತ್ತಾರೆ. ಎಷ್ಟು ಬೆಳಕಿರಬೇಕು, ಯಾವ ಬಣ್ಣವಿರಬೇಕು ಎಂಬುದು ನನ್ನ ಹೊಣೆ. ಒಂದು ಕ್ಯಾಮೆರಾದಲ್ಲಿ ಹುಲ್ಲು ಕಡುಹಸಿರು, ಇನ್ನೊಂದರಲ್ಲಿ ಹಳದಿ ಛಾಯೆಯ ಹಸಿರು ಆಗಿದ್ದರೆ, ನಿರ್ದೇಶಕರು ಒಂದರಿಂದ ಇನ್ನೊಂದಕ್ಕೆ ಹೋದಾಗಲೆಲ್ಲ ನೋಡುವವರ ಕಣ್ಣು ಎಡವುತ್ತದೆ. ಏಕೆ ಎಡವಿತೆಂದು ಅವರಿಗೆ ತಿಳಿಯುವುದಿಲ್ಲ, ಆದರೆ ಆಯಾಸವಾಗುತ್ತದೆ. ಹಾಗಾಗದಂತೆ ಪಂದ್ಯಕ್ಕೆ ಮೊದಲು ಎಲ್ಲ ಕ್ಯಾಮೆರಾಗಳೂ ಬೂದುಬಣ್ಣದ ಪಟ್ಟಿಗಳಿರುವ ಒಂದೇ ಚಾರ್ಟನ್ನು ನೋಡುವಂತೆ ಮಾಡಿ, ಬೆಳಕಿನ ಮಟ್ಟವನ್ನು ಗೆರೆಯಾಗಿ ತೋರಿಸುವ ವೇವ್‌ಫಾರ್ಮ್ ಪರದೆಯ ಮೇಲೆ ಗೆರೆಗಳನ್ನು ಸರಿಗಟ್ಟಿಸುತ್ತೇನೆ.

ಕಷ್ಟದ ಹೊತ್ತು ಸಂಜೆಯದು. ಬೇಸಿಗೆಯಲ್ಲಿ ಸೂರ್ಯ ಗ್ಯಾಲರಿಯ ಹಿಂದೆ ಇಳಿಯತೊಡಗಿದಾಗ, ಬ್ಯಾಟರ್ ನಿಂತ ಜಾಗಕ್ಕೆ ಮೊದಲು ನೆರಳು ಬರುತ್ತದೆ, ಚೆಂಡೆಸೆಯುವ ಪಿಚರ್ ಇನ್ನೂ ಬಿಸಿಲಿನಲ್ಲೇ ಇರುತ್ತಾನೆ. ಅವರಿಬ್ಬರ ನಡುವಿನ ಅಂತರ 60 ಅಡಿ 6 ಅಂಗುಲ, ಅಂದರೆ ಸುಮಾರು 18.4 ಮೀಟರ್, ನಮ್ಮ ಕ್ರಿಕೆಟ್ ಪಿಚ್ಚಿಗಿಂತ ಸ್ವಲ್ಪ ಕಡಿಮೆ. ಅಷ್ಟರಲ್ಲೇ ಒಂದು ಗೆರೆ. ಗೆರೆಯ ಈಚೆ ಕಣ್ಣು ಕೋರೈಸುವ ಬಿಸಿಲು, ಆಚೆ ಮಬ್ಬು. ಬ್ಯಾಟರಿನ ಮುಖ ಕಾಣಲಿ ಎಂದು ಲೆನ್ಸಿನ ಕಣ್ಣು ಅಗಲಿಸಿದರೆ ಪಿಚರಿನ ಬೆನ್ನು ಸುಣ್ಣ ಬಳಿದಷ್ಟು ಬೆಳ್ಳಗಾಗಿ ಅವನ ಅಂಗಿಯ ಅಂಕಿಯೂ ಮಾಯವಾಗುತ್ತದೆ. ಬಿಸಿಲನ್ನು ಹಿಡಿದರೆ ಬ್ಯಾಟರ್, ಅವನ ಹಿಂದೆ ಕುಳಿತು ಚೆಂಡು ಹಿಡಿಯುವ ಕ್ಯಾಚರ್, ಅಂಪೈರ್ ಮೂವರೂ ಕತ್ತಲೆಯಲ್ಲಿ ಕರಗುತ್ತಾರೆ. ಎಸೆತ ಬ್ಯಾಟರನ್ನು ಮುಟ್ಟಲು ಒಂದು ಸೆಕೆಂಡಿನ ಅರ್ಧವೂ ಬೇಕಿಲ್ಲ. ಅಷ್ಟರಲ್ಲಿ ಚೆಂಡು ಬೆಳಕಿನಿಂದ ನೆರಳಿಗೆ ಹಾರಿರುತ್ತದೆ. ನಾನು ನೆರಳಿನ ಪಕ್ಷವನ್ನೇ ಹಿಡಿಯುತ್ತೇನೆ, ಏಕೆಂದರೆ ಆಟ ನಿರ್ಧಾರವಾಗುವುದು ಅಲ್ಲಿ. ಕಪ್ಪನ್ನು ಒಂದಿಷ್ಟು ಎತ್ತಿ, ಬಿಳಿಯ ತುದಿಯನ್ನು ಒಂದಿಷ್ಟು ಅದುಮಿ, ಪಿಚರಿನ ಬೆನ್ನಿನ ಅಂಕಿ ಓದಲು ಬರುವಷ್ಟು ಉಳಿಸಿಕೊಂಡು, ಉಳಿದ ಬೆಳಕನ್ನೆಲ್ಲ ಬ್ಯಾಟರಿನ ಮುಖಕ್ಕೆ ಕೊಡುತ್ತೇನೆ. ಗೆರೆ ಪ್ರತಿ ಇನಿಂಗ್ಸ್‌ಗೂ (ಒಂದು ಪಂದ್ಯದಲ್ಲಿ ಇಂಥ ಒಂಬತ್ತು ಚಿಕ್ಕ ಸುತ್ತುಗಳಿರುತ್ತವೆ) ಒಂದೊಂದು ಹೆಜ್ಜೆ ಸರಿಯುತ್ತದೆ. ಅದರ ಜೊತೆ ನನ್ನ ಬೆರಳೂ ಸರಿಯಬೇಕು. ಚೆಂಡು ಬ್ಯಾಟಿಗೆ ಸರಿಯಾಗಿ ಸಿಕ್ಕಿ ಮೇಲಕ್ಕೆದ್ದಿತೋ, ಎತ್ತರದ ಕ್ಯಾಮೆರಾ ನೆರಳಿನಿಂದ ಬಿಸಿಲಿಗೆ, ಬಿಸಿಲಿನಿಂದ ಆಕಾಶಕ್ಕೆ ಒಂದೇ ಬೀಸಿಗೆ ಹೊರಳುತ್ತದೆ. ಆಗ ಯೋಚಿಸಲು ಸಮಯವಿಲ್ಲ. ಬ್ಯಾಟಿನ ಸದ್ದಿನಿಂದಲೇ ಚೆಂಡು ಎಲ್ಲಿಗೆ ಹೋಗುತ್ತದೆಂದು ಅಂದಾಜು ಮಾಡಿ ಹಿಡಿಯನ್ನು ಹಿಂದಕ್ಕೆಳೆದಿರಬೇಕು.

ಇದಕ್ಕಿಂತಲೂ ನಾನು ಹೆಚ್ಚು ಕಾಳಜಿ ವಹಿಸುವ ಸಂಗತಿ ಇನ್ನೊಂದಿದೆ. ತನ್ನ ಊರಿನಲ್ಲಿ ಆಡುವ ತಂಡ ಸಾಮಾನ್ಯವಾಗಿ ಬಿಳಿ ಬಟ್ಟೆ ತೊಡುತ್ತದೆ. ಕಪ್ಪುವರ್ಣದ ಆಟಗಾರ ಬಿಳಿ ಬಟ್ಟೆಯಲ್ಲಿ, ಟೋಪಿಯ ನೆರಳಿನಲ್ಲಿ, ಸಂಜೆಯ ಬಿಸಿಲಿನಲ್ಲಿ ನಿಂತಾಗ, ಬಟ್ಟೆಗೆ ಸರಿಹೊಂದುವಂತೆ ಬೆಳಕನ್ನು ಹೊಂದಿಸಿದರೆ ಮುಖದಲ್ಲಿ ಕಣ್ಣು, ಹಲ್ಲು ಬಿಟ್ಟು ಏನೂ ಕಾಣುವುದಿಲ್ಲ. ಆ ಮುಖದಲ್ಲಿ ಆಯಾಸವಿದೆ, ಹಟವಿದೆ, ಹೆದರಿಕೆಯಿದೆ. ಅವನ್ನು ನೋಡಲೆಂದೇ ಜನ ಟಿವಿ ಹಚ್ಚಿದ್ದಾರೆ. ಬಟ್ಟೆ ಒಂದಿಷ್ಟು ಹೆಚ್ಚು ಬೆಳ್ಳಗಾದರೂ ಚಿಂತೆಯಿಲ್ಲ, ಮುಖ ಕಾಣಬೇಕು. 1947ರ ಏಪ್ರಿಲ್ 15ರಂದು ಜಾಕಿ ರಾಬಿನ್‌ಸನ್ ಬ್ರೂಕ್ಲಿನ್ ತಂಡದ ಪರವಾಗಿ ಆಡಿ, ಕಪ್ಪುವರ್ಣದವರನ್ನು ಹೊರಗಿಟ್ಟಿದ್ದ ಆಧುನಿಕ ಮೇಜರ್ ಲೀಗಿನ ಗೋಡೆಯನ್ನು ಒಡೆದರು. ಪ್ರತಿವರ್ಷ ಆ ದಿನ ಎಲ್ಲ ತಂಡಗಳ ಎಲ್ಲ ಆಟಗಾರರೂ ಅವರ 42ನೆಯ ಅಂಕಿಯನ್ನೇ ತೊಟ್ಟು ಆಡುತ್ತಾರೆ. ಆ ದಿನ ಪ್ಯಾನೆಲ್ಲಿನ ಮುಂದೆ ಕುಳಿತಾಗ ನನ್ನ ಈ ಸಣ್ಣ ಕೆಲಸದ ಹೊಣೆ ನನಗೆ ಇನ್ನಷ್ಟು ಸ್ಪಷ್ಟವಾಗುತ್ತದೆ.

ಕ್ರಿಕೆಟ್ ನೋಡುವವರು ಕೇಳುವ ಮತ್ತೊಂದು ಪ್ರಶ್ನೆ ಕ್ಯಾಮೆರಾದ ಜಾಗದ ಬಗ್ಗೆ. ಕ್ರಿಕೆಟ್‌ನಲ್ಲಿ ಓವರಿಗೊಮ್ಮೆ ಬೌಲಿಂಗ್ ತುದಿ ಬದಲಾಗುತ್ತದೆ, ಆದ್ದರಿಂದ ಎರಡೂ ತುದಿಗಳಲ್ಲಿ ಮುಖ್ಯ ಕ್ಯಾಮೆರಾಗಳು ಬೇಕು. ಬೇಸ್‌ಬಾಲ್‌ನಲ್ಲಿ ಎಸೆತ ಯಾವಾಗಲೂ ಒಂದೇ ದಿಕ್ಕಿಗೆ. ಪಿಚರಿನ ಬೆನ್ನ ಹಿಂದೆ, ಬ್ಯಾಟರಿನಿಂದ ಸುಮಾರು 120 ಮೀಟರಿಗೂ ಹೆಚ್ಚು ದೂರದಲ್ಲಿ, ನೇರಗೆರೆಯಿಂದ ಒಂದಿಷ್ಟು ಪಕ್ಕಕ್ಕೆ ಸರಿದು ನಿಲ್ಲುವ ಸೆಂಟರ್‌ಫೀಲ್ಡ್ ಕ್ಯಾಮೆರಾವೇ ಪಂದ್ಯದ ಬಹುಪಾಲನ್ನು ತೋರಿಸುತ್ತದೆ. ಬ್ಯಾಟರಿಗೆ ಚೆಂಡು ಕಾಣಲೆಂದು ಅಲ್ಲಿ ಕಡುಬಣ್ಣದ ಖಾಲಿ ಹಿನ್ನೆಲೆ ಬಿಟ್ಟಿರುತ್ತಾರೆ, ನಮ್ಮ ಸೈಟ್‌ಸ್ಕ್ರೀನ್ ಮಾಡುವ ಕೆಲಸವನ್ನೇ ಅದು ಮಾಡುತ್ತದೆ. ಯಾವ ಬಗೆಯ ಎಸೆತ ಬೇಕೆಂದು ಕ್ಯಾಚರ್ ತನ್ನ ಬೆರಳುಗಳಿಂದ ಪಿಚರಿಗೆ ಮಾಡುತ್ತಿದ್ದ ಸನ್ನೆಗಳೂ ಆ ಕ್ಯಾಮೆರಾದಲ್ಲಿ ನಿಚ್ಚಳವಾಗಿ ಕಾಣುತ್ತಿದ್ದವು. 2017ರಲ್ಲಿ ಹೂಸ್ಟನ್ ಆಸ್ಟ್ರೋಸ್ ತಂಡದವರು ಅಂಥ ಕ್ಯಾಮೆರಾದ ಚಿತ್ರವನ್ನು ಡಗೌಟಿನ ಹತ್ತಿರದ ಪರದೆಯಲ್ಲಿ ನೋಡಿ, ಕಸದ ಡಬ್ಬಿ ಬಡಿದು ತಮ್ಮ ಬ್ಯಾಟರುಗಳಿಗೆ ಮುಂದಿನ ಎಸೆತ ಯಾವುದೆಂದು ತಿಳಿಸಿದ್ದರು. 2020ರ ಜನವರಿಯಲ್ಲಿ ಲೀಗ್ ಅವರಿಗೆ 50 ಲಕ್ಷ ಡಾಲರ್ ದಂಡ ಹಾಕಿ, ವ್ಯವಸ್ಥಾಪಕರಿಬ್ಬರನ್ನು ಒಂದು ವರ್ಷ ಹೊರಗಿಟ್ಟಿತು. 2022ರಿಂದ ಬಹುತೇಕ ತಂಡಗಳು ಸನ್ನೆಯ ಬದಲು ಗುಂಡಿ ಒತ್ತಿ ಕಿವಿಗೆ ಕೇಳಿಸುವ ಯಂತ್ರ ಬಳಸತೊಡಗಿವೆ. ಚಿತ್ರ ಎಷ್ಟು ಬಲವುಳ್ಳದ್ದು, ಅದು ಯಾರ ಕೈಗೆ ಹೋಗುತ್ತದೆ ಎಂಬ ಎಚ್ಚರ ಎಷ್ಟು ಅಗತ್ಯ ಎಂಬುದನ್ನು ಈ ಪ್ರಕರಣ ನಮ್ಮ ಕಸುಬಿನವರಿಗೆಲ್ಲ ತೋರಿಸಿತು.

ಸಂಚಾರದ ದಿನಚರಿಯ ಬಗ್ಗೆ ಹೇಳುವುದು ಬಹಳವಿಲ್ಲ. ಹೋಟೆಲ್ ಕೋಣೆಗಳು ಎಲ್ಲ ಊರಿನಲ್ಲೂ ಒಂದೇ. ಊಟದ್ದು ಮಾತ್ರ ನನಗೆ ಮೊದಲು ತೊಂದರೆಯಾಗುತ್ತಿತ್ತು, ಮೈದಾನದಲ್ಲಿ ಸಿಬ್ಬಂದಿಗೆ ಕೊಡುವ ಊಟದಲ್ಲಿ ಮಾಂಸವಿಲ್ಲದ ಪದಾರ್ಥ ಕಡಿಮೆ. ಕಡಕ್ ಜೋಳದ ರೊಟ್ಟಿ ಈ ಚಿಂತೆಯನ್ನು ದೂರ ಮಾಡಿದೆ. ತಿಂಗಳುಗಟ್ಟಲೆ ಕೆಡದ, ಎಲ್ಲಿ ಬೇಕಾದರೂ ಒಯ್ಯಬಹುದಾದ ಆಹಾರ ಅದು; ಅವ್ವ ಫೆಬ್ರುವರಿಯಲ್ಲಿ ಕಟ್ಟಿಕೊಡುವ ಗಂಟಿನಲ್ಲಿ ರೊಟ್ಟಿಯ ಜೊತೆ ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅಗಸಿ ಹಿಂಡಿ ಮೂರೂ ಇರುತ್ತವೆ. ಮೊಸರು ಯಾವ ಊರಿನಲ್ಲಾದರೂ ಸಿಗುತ್ತದೆ. ನೆಬ್ರಾಸ್ಕಾದ ಚಾಲಕರಿಗೆ ಶೇಂಗಾ ಹಿಂಡಿಯ ರುಚಿ ಹತ್ತಿ, ಈಗ ಅವರಿಗೆಂದೇ ಒಂದು ಪಾಕೀಟು ಹೆಚ್ಚು ಒಯ್ಯುತ್ತೇನೆ. ರವಿವಾರ ರಾತ್ರಿ ಏಳಕ್ಕೆ ನ್ಯೂಯಾರ್ಕಿನಲ್ಲಿ ಪಂದ್ಯ ಆರಂಭವಾದಾಗ ಧಾರವಾಡದಲ್ಲಿ ಸೋಮವಾರ ನಸುಕಿನ ನಾಲ್ಕೂವರೆ. ಅವ್ವ ಎದ್ದು ಅಂಗಳಕ್ಕೆ ನೀರು ಹಾಕುವಷ್ಟರಲ್ಲಿ ನಾನು ಎರಡನೆಯ ಇನಿಂಗ್ಸ್‌ನಲ್ಲಿರುತ್ತೇನೆ. 2022ರವರೆಗೆ ಒಂದು ಪಂದ್ಯ ಸರಾಸರಿ ಮೂರು ತಾಸಿನ ಮೇಲೆ ನಡೆಯುತ್ತಿತ್ತು. 2023ರಲ್ಲಿ ಎಸೆತಕ್ಕೆ ಗಡಿಯಾರ ಬಂತು, ಬೇಸ್‌ಗಳ ಮೇಲೆ ಓಟಗಾರರು ಯಾರೂ ಇಲ್ಲದಿದ್ದರೆ 15 ಸೆಕೆಂಡಿನೊಳಗೆ ಎಸೆಯಬೇಕೆಂಬ ನಿಯಮವಾಯಿತು, ಸರಾಸರಿ ಸುಮಾರು 2 ತಾಸು 40 ನಿಮಿಷಕ್ಕೆ ಇಳಿಯಿತು. ಮರುಪ್ರಸಾರದವರಿಗೆ ಇದರಿಂದ ಉಸಿರಾಡಲು ಬಿಡುವಿಲ್ಲದಂತಾಗಿದೆ, ಒಂದು ತುಣುಕು ತೋರಿಸಿ ಮುಗಿಸುವಷ್ಟರಲ್ಲಿ ಮುಂದಿನ ಎಸೆತ ಬಂದಿರುತ್ತದೆ. ಆದರೂ ಆಟಕ್ಕೆ ಇದರಿಂದ ಒಳ್ಳೆಯದೇ ಆಗಿದೆ. ಕೇಬಲ್ ಸುತ್ತಿ ಟ್ರಕ್ಕು ಹೇರಿ ಮಲಗುವ ಹೊತ್ತಿಗೆ ಬೆಳಗಾಗುತ್ತಿದ್ದುದು ಈಗ ತಪ್ಪಿದೆ.

ಈ ಬದುಕು ಹೀಗೆಯೇ ಉಳಿಯುತ್ತದೆಯೆಂಬ ಭರವಸೆ ನನಗಿಲ್ಲ. 2020ರಲ್ಲಿ ಕೊರೊನಾದಿಂದಾಗಿ ಹಂಗಾಮು ಜುಲೈ ಕೊನೆಗೆ ಆರಂಭವಾಗಿ ತಂಡಕ್ಕೆ 60 ಪಂದ್ಯಗಳಿಗೆ ಸೀಮಿತವಾಯಿತು. ಖಾಲಿ ಗ್ಯಾಲರಿಗಳಲ್ಲಿ, ವಿಡಿಯೊ ಗೇಮಿಗೆಂದು ಹಿಂದೆ ಮುದ್ರಿಸಿಟ್ಟಿದ್ದ ಪ್ರೇಕ್ಷಕರ ಸದ್ದನ್ನು ಹಾಕುತ್ತಿದ್ದರು. ಪರ ಊರಿನ ಪಂದ್ಯಗಳಿಗೆ ವಿವರಣೆಕಾರರು ಹೋಗಲಿಲ್ಲ. ತಮ್ಮ ಊರಿನಲ್ಲೇ ಕುಳಿತು ಪರದೆ ನೋಡಿ ಮಾತಾಡಿದರು. ಆಗ ಅದು ಅನಿವಾರ್ಯವಾಗಿತ್ತು. ಆದರೆ ಹಾಗೆಯೂ ಪ್ರಸಾರ ಮಾಡಬಹುದೆಂದು ಒಮ್ಮೆ ತಿಳಿದ ಮೇಲೆ, ಖರ್ಚು ಉಳಿಸಲು ಅದೇ ದಾರಿಯನ್ನು ಕೆಲವರು ಮುಂದುವರಿಸಿದ್ದಾರೆ. ಮೈದಾನದಲ್ಲಿ ಕ್ಯಾಮೆರಾಗಳು ಮಾತ್ರ ಇರುತ್ತವೆ. ಚಿತ್ರಗಳೆಲ್ಲ ಫೈಬರ್ ಮೂಲಕ ಸಾವಿರಾರು ಕಿಲೋಮೀಟರ್ ದೂರದ ಕಟ್ಟಡಕ್ಕೆ ಹೋಗಿ, ಅಲ್ಲಿ ಕುಳಿತವರು ಆರಿಸುತ್ತಾರೆ, ಬಣ್ಣ ಹೊಂದಿಸುತ್ತಾರೆ, ಮರುಪ್ರಸಾರ ಮಾಡುತ್ತಾರೆ. ಅದರ ಮೇಲೆ, ಅನೇಕ ತಂಡಗಳ ಸ್ಥಳೀಯ ಪ್ರಸಾರದ ಹಕ್ಕು ಹೊಂದಿದ್ದ ಒಂದು ದೊಡ್ಡ ಸಂಸ್ಥೆ 2023ರ ಮಾರ್ಚಿನಲ್ಲಿ ದಿವಾಳಿತನದ ಅರ್ಜಿ ಹಾಕಿತು. ಕೇಬಲ್ ಟಿವಿಯ ಚಂದಾದಾರರು ಕಡಿಮೆಯಾದಂತೆ ಆ ವ್ಯವಸ್ಥೆಯ ಬುಡವೇ ಅಲುಗಾಡುತ್ತಿದೆ, ಊರೂರಿನ ದಿನಗೂಲಿ ಕೆಲಸಗಾರರಿಗೆ ಮುಂದಿನ ವರ್ಷದ ಖಾತ್ರಿಯಿಲ್ಲ.

ದೂರದಿಂದ ಮಾಡುವ ಕೆಲಸವನ್ನು ನಾನು ತೆಗೆದುಹಾಕಿ ಮಾತಾಡುವುದಿಲ್ಲ. ಮರುಪ್ರಸಾರದಲ್ಲಿದ್ದ ನಮ್ಮ ಒಬ್ಬ ಸಹೋದ್ಯೋಗಿಗೆ ಸಣ್ಣ ಮಗು. ಅವಳು ಈಗ ದಿನದ ಕೆಲಸ ಮುಗಿಸಿ ರಾತ್ರಿ ಮನೆಗೆ ಹೋಗುತ್ತಾಳೆ. ಹಬ್ಬಗಳನ್ನೆಲ್ಲ ಬಿಟ್ಟಿರುವ ನಾನು ಅದರ ಬೆಲೆಯನ್ನು ಬಲ್ಲೆ. ಆದರೂ ಮೈದಾನದಲ್ಲಿ ಇರುವುದರಿಂದ ಚಿತ್ರ ಉತ್ತಮವಾಗುತ್ತದೆ ಎಂಬುದು ನನ್ನ ಖಚಿತ ನಂಬಿಕೆ, ಅದಕ್ಕೆ ಕಾರಣವೂ ಉಂಟು. ಪಂದ್ಯಕ್ಕೆ ಮುನ್ನ ಟ್ರಕ್ಕಿನಿಂದ ಇಳಿದು ಗ್ಯಾಲರಿಯ ಮೇಲೇರಿ ಬರಿಗಣ್ಣಿನಿಂದ ಹುಲ್ಲನ್ನು ನೋಡುತ್ತೇನೆ. ಶಿಕಾಗೋದ ಹುಲ್ಲಿನ ಹಸಿರು ಬೇರೆ, ಡೆನ್ವರ್‌ನಲ್ಲಿ 5280 ಅಡಿ ಎತ್ತರದ ತೆಳುಗಾಳಿಯ ಬಿಸಿಲಿನ ಹರಿತ ಬೇರೆ, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕೊಲ್ಲಿಯ ಕಡೆಯಿಂದ ಮಂಜು ಬಂದಾಗ ಬಿಳಿಯೆಲ್ಲ ಬೂದಾಗುವ ಬಗೆಯೇ ಬೇರೆ. ಅದನ್ನು ಕಣ್ಣಾರೆ ನೋಡಿದವನು ಮಾತ್ರ ಪರದೆಯ ಮೇಲೆ ಆ ಊರನ್ನು ಆ ಊರಾಗಿಯೇ ಉಳಿಸಬಲ್ಲ; ನೋಡದವನು ಎಲ್ಲ ಊರುಗಳನ್ನೂ ಒಂದೇ ಹಸಿರಿಗೆ ತರುತ್ತಾನೆ. ರಿಗ್ಲೀ ಫೀಲ್ಡ್‌ನಲ್ಲಿ 1988ರವರೆಗೆ ದೀಪಗಳೇ ಇರಲಿಲ್ಲ, ಅಲ್ಲಿಯ ಪಂದ್ಯಗಳೆಲ್ಲ ಹಗಲಿನಲ್ಲೇ ನಡೆಯುತ್ತಿದ್ದವು. ಆ ವರ್ಷದ ಆಗಸ್ಟ್ 8ರಂದು ಮೊದಲ ಬಾರಿಗೆ ದೀಪ ಹಚ್ಚಿ ಆಡಿದ ಪಂದ್ಯ ಮಳೆಗೆ ನಿಂತುಹೋಗಿ, ಮರುದಿನ ರಾತ್ರಿಯ ಪಂದ್ಯ ಪೂರ್ಣವಾಯಿತು. ಆ ಮೈದಾನದ ಮೇಲೇರಿ ನಿಂತಾಗ ಹಗಲಿನ ಬೆಳಕಿಗೆ ಅಲ್ಲಿಯ ಜನ ಏಕೆ ಅಷ್ಟು ಕಾಲ ಅಂಟಿಕೊಂಡಿದ್ದರೆಂದು ನನಗೆ ಅರ್ಥವಾಗಿದೆ. ದೂರದ ಕೋಣೆಯಲ್ಲಿ ಕುಳಿತಿದ್ದರೆ ಆಗುತ್ತಿರಲಿಲ್ಲ. ಅಲ್ಲದೆ, ಸಿಯಾಟಲ್ಲಿನ ಕ್ಯಾಮೆರಾದವಳಿಗೆ ಮುಂಜಾನೆ ಚಹ ಕುಡಿಯುತ್ತ "ಇವತ್ತು ಸಂಜೆ ಆ ಬದಿಯ ಗಾಜಿನಿಂದ ಬಿಸಿಲು ಹೊಡೆಯುತ್ತದೆ, ನೋಡಿಕೊಳ್ಳಿ" ಎಂದು ಹೇಳಲು ಅನುಕೂಲವಾಗುವುದು ನಾನು ಅಲ್ಲಿದ್ದರೆ ಮಾತ್ರ. ಹೆಡ್‌ಸೆಟ್‌ನಲ್ಲಿ ಆ ಮಾತಿಗೆ ಬಿಡುವು ಸಿಗುವುದಿಲ್ಲ.

ಈ ಚಳಿಗಾಲದಲ್ಲಿ ಹುಬ್ಬಳ್ಳಿಯ ರಾಜನಗರದ ಮೈದಾನದಲ್ಲಿ ದೇಶೀಯ ಪಂದ್ಯವೊಂದು ನಡೆದಿತ್ತು. ಕಾಕಾ ಆಟ ನೋಡಲು ಕರೆದುಕೊಂಡು ಹೋದರು, ನನ್ನ ಕಣ್ಣು ಗ್ಯಾಲರಿಯ ಹಿಂದೆ ನಿಂತ ಓಬಿ ವ್ಯಾನಿನ ಮೇಲೆಯೇ ಇತ್ತು. ಊಟದ ವಿರಾಮದಲ್ಲಿ ಕಾಕಾ ಯಾರನ್ನೋ ಮಾತಾಡಿಸಿ, "ನಮ್ಮ ಹುಡುಗ್ಗ ಸ್ವಲ್ಪ ಒಳಗ ತೋರಸ್ರೀ, ಅಂವಾ ಇದ ಕೆಲಸದಾಂವ" ಎಂದು ಅನುಮತಿ ಪಡೆದರು. ಒಳಗೆ ಸಿಸಿಯು ಮುಂದೆ ಕುಳಿತಿದ್ದವರು ಕೊಲ್ಹಾಪುರದ ಕಡೆಯವರು, ಮರಾಠಿ ಬೆರೆತ ಕನ್ನಡದಲ್ಲಿ ಚೆನ್ನಾಗಿ ಮಾತಾಡಿದರು. ಪ್ಯಾನೆಲ್ ಬೇರೆ ಕಂಪನಿಯದು, ಹಿಡಿ ಅದೇ. ಕೆಂಪು ಚೆಂಡಿನ ಪಂದ್ಯವಾದ್ದರಿಂದ ಎರಡೂ ತಂಡಗಳು ಬಿಳಿ ಬಟ್ಟೆಯಲ್ಲಿದ್ದವು. ದಿನವಿಡೀ ಬಿಳಿ, ಅದೂ ಡಿಸೆಂಬರಿನ ಬಿಸಿಲಿನಲ್ಲಿ. ಬಿಳಿಯ ಮಟ್ಟವನ್ನು ಎಲ್ಲಿಗೆ ನಿಲ್ಲಿಸುತ್ತೀರೆಂದು ನಾನು ಕೇಳಿದೆ. ಅವರು ವೇವ್‌ಫಾರ್ಮ್ ಪರದೆಯ ಮೇಲೆ ಬೆರಳಿಟ್ಟು ತೋರಿಸಿದ ಗೆರೆ ನಾನು ಇಡುವುದಕ್ಕಿಂತ ಕೊಂಚ ಕೆಳಗಿತ್ತು. ಕೆಂಪು ಚೆಂಡು ಬಿಳಿ ಪ್ಯಾಡಿಗೆ ತಾಗಿದಾಗ ಅಂಚು ಸ್ಪಷ್ಟವಾಗಿ ಕಾಣಬೇಕು, ಎಲ್‌ಬಿಡಬ್ಲ್ಯು ತೀರ್ಮಾನ ಅದರ ಮೇಲೆಯೇ ನಿಂತಿದೆ, ಬಿಳಿಯನ್ನು ಹಾರಗೊಟ್ಟರೆ ಆ ಅಂಚು ತಿಂದುಹೋಗುತ್ತದೆ ಎಂದು ವಿವರಿಸಿದರು. ಹಾಗಾದರೆ ಮುಖ ಕಾಣಲು ಏನು ಮಾಡುತ್ತೀರೆಂದಾಗ, ಹೆಲ್ಮೆಟ್ಟಿನ ಜಾಲರಿಯ ಹಿಂದಿನ ಮುಖಕ್ಕೆಂದೇ ಅವರು ಮಾಡಿಟ್ಟುಕೊಂಡ ಹೊಂದಾಣಿಕೆಯನ್ನು ತೋರಿಸಿದರು. ಅದನ್ನು ನಾನು ಬರೆದುಕೊಂಡು ಬಂದಿದ್ದೇನೆ, ಕ್ಯಾಚರಿನ ಮುಖವಾಡಕ್ಕೆ ಏಪ್ರಿಲ್‌ನಲ್ಲಿ ಬಳಸಿ ನೋಡುತ್ತೇನೆ.

ಹೊರಬರುವಾಗ ವ್ಯಾನಿನ ಪಕ್ಕದಲ್ಲಿ ನವಲಗುಂದದ ಒಬ್ಬ ಹುಡುಗ ಕೇಬಲ್ ಸುತ್ತುತ್ತಿದ್ದ. ಮೇಲೊಂದು, ಕೆಳಗೊಂದು, ಸರಿಯಾಗಿಯೇ ಸುತ್ತುತ್ತಿದ್ದ. ದಿನಗೂಲಿಗೆ ಬಂದವನು, ಐಟಿಐ ಮುಗಿಸಿದ್ದಾನೆ. "ಸರ್, ಒಳಗ ಕುಂತು ಮಾಡೋ ಕೆಲಸ ಕಲೀಬೇಕಂದ್ರ ಯಾವ ಕೋರ್ಸ್ ಮಾಡಬೇಕ್ರಿ?" ಎಂದು ಕೇಳಿದ. ಕೋರ್ಸುಗಳ ಹೆಸರು ಹೇಳುವ ಬದಲು ನಾನು ಅವನನ್ನು ಕರೆದುಕೊಂಡು ಮತ್ತೆ ವ್ಯಾನಿನ ಮೆಟ್ಟಿಲೇರಿ, ಕೊಲ್ಹಾಪುರದವರನ್ನು ಕೇಳಿಕೊಂಡೆ. ಮರುದಿನ ಮುಂಜಾನೆ ಆರೂವರೆಗೆ ಕ್ಯಾಮೆರಾಗಳನ್ನು ಚಾರ್ಟಿಗೆ ಹೊಂದಿಸುವಾಗ ಹಿಂದೆ ಕೂಡಿಸಿಕೊಳ್ಳುವುದಾಗಿ ಅವರು ಒಪ್ಪಿದರು. ಹುಡುಗ ಆರಕ್ಕೇ ಬರುತ್ತೇನೆಂದ.